ಕೋಡ್ ಅದೇ, ತಾರೀಖು ಬೇರೆ

ಬಿಲ್ಡ್, ಅಂದರೆ ಕೋಡನ್ನು ಓಡುವ ಪ್ರೋಗ್ರಾಂ ಆಗಿ ಕಟ್ಟಿ ಪರೀಕ್ಷಿಸುವ ಕೆಲಸ, ಕೆಂಪಾದ (ವಿಫಲವಾದ) ಬೆಳಿಗ್ಗೆ ಯಾವ ತಂಡದಲ್ಲಾದರೂ ಮೊದಲು ಕೇಳಿಬರುವ ಮಾತು ಒಂದೇ: "ನಾವೇನೂ ಮುಟ್ಟಿಲ್ಲ." ಕೋಡ್ ಇಟ್ಟಿರುವ ರಿಪಾಸಿಟರಿ ತೆಗೆದು ನೋಡಿದರೆ ಆ ಮಾತು ನಿಜ. ನಿನ್ನೆ ಸಂಜೆ ಹಸಿರಾಗಿ, ಅಂದರೆ ಯಶಸ್ವಿಯಾಗಿ, ಮುಗಿದ ಕಮಿಟ್‌ಗೂ (ದಾಖಲಿಸಿದ ಕೋಡ್ ಬದಲಾವಣೆ) ಇವತ್ತು ಬಿದ್ದ ಕಮಿಟ್‌ಗೂ ನಡುವೆ ಇರುವುದು ರೀಡ್‌ಮಿ ಫೈಲಿನ ಒಂದು ಕಾಗುಣಿತದ ತಿದ್ದುಪಡಿ. ಕೆಲವೊಮ್ಮೆ ಅದೂ ಇರುವುದಿಲ್ಲ, ರಾತ್ರಿ ತಾನಾಗಿ ಓಡುವ ಬಿಲ್ಡ್ ಅದೇ ಕಮಿಟ್ ಮೇಲೆ ಓಡಿ ಬಿದ್ದಿರುತ್ತದೆ. ಹಾಗಾದರೆ ಬದಲಾದದ್ದೇನು ಎಂದು ಕೇಳಿದರೆ ಖಚಿತವಾಗಿ ಹೇಳಬಹುದಾದದ್ದು ಒಂದೇ, ತಾರೀಖು. ತಾರೀಖು ಬದಲಾದರೆ ಬಿಲ್ಡ್ ಬೀಳುತ್ತದೆ ಎಂದಾದರೆ ಆ ಬಿಲ್ಡ್ ತಾರೀಖನ್ನೂ ಅವಲಂಬಿಸಿದೆ ಎಂದೇ ಅರ್ಥ. ಡಿಪೆಂಡೆನ್ಸಿಗಳ, ಅಂದರೆ ನಮ್ಮ ಕೋಡ್ ನೆಚ್ಚಿರುವ ಹೊರಗಿನ ಪ್ಯಾಕೇಜುಗಳ, ಪಟ್ಟಿಯಲ್ಲಿ ಎಲ್ಲೂ ಬರೆದಿಲ್ಲದ ಡಿಪೆಂಡೆನ್ಸಿ ಅದು. ಹಳೆಯ ಡಿಪೆಂಡೆನ್ಸಿಗಳಿಂದ ಬಿದ್ದ ಬಿಲ್ಡನ್ನು ಸರಿಮಾಡುವ ಕೆಲಸವನ್ನು ಈ ಕಣ್ಣಿನಿಂದ ನೋಡಿದರೆ, ಎಲ್ಲಿಂದ ಹುಡುಕಬೇಕು, ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಮಾಡಲೇಬಾರದು ಎಂಬುದೆಲ್ಲ ಸಾಕಷ್ಟು ಸ್ಪಷ್ಟವಾಗುತ್ತದೆ.

ಈ ವಿಷಯ ಬಂದಾಗಲೆಲ್ಲ ಲೆಫ್ಟ್‌ಪ್ಯಾಡ್ ಉದಾಹರಣೆ ಬರುತ್ತದೆ. 2016ರ ಮಾರ್ಚ್‌ನಲ್ಲಿ ಹನ್ನೊಂದು ಸಾಲಿನ ಆ ಪ್ಯಾಕೇಜ್ ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರವಾದ ಎನ್‌ಪಿಎಂನಿಂದ ಕಾಣೆಯಾಗಿ, ಅದನ್ನು ನೆಚ್ಚಿದ್ದ ಬಿಲ್ಡ್‌ಗಳು ಬಿದ್ದದ್ದು ಎಲ್ಲರಿಗೂ ಗೊತ್ತಿರುವುದೇ. ಆದರೆ ಇದ್ದ ವಸ್ತು ಮಾಯವಾಗಿ ಬಿಲ್ಡ್ ಬೀಳುವುದು ಅಪರೂಪ. ಹೆಚ್ಚಿನ ಸಲ ಆಗುವುದು ಅದಕ್ಕೆ ವಿರುದ್ಧ: ಹಳೆಯದು ಇದ್ದಲ್ಲೇ ಇರುತ್ತದೆ, ಅದರ ಪಕ್ಕದಲ್ಲಿ ಹೊಸದೊಂದು ಬಂದು ಕೂರುತ್ತದೆ, ಮತ್ತು ಬಿಲ್ಡ್ ಯಾರನ್ನೂ ಕೇಳದೆ ಹೊಸದನ್ನು ಎತ್ತಿಕೊಳ್ಳುತ್ತದೆ.

2023ರ ಜುಲೈ 17

ಆ ದಿನ ಸೈಥಾನ್ 3.0.0 ಬಿಡುಗಡೆಯಾಯಿತು; ಪೈಥಾನ್‌ನಂಥ ಕೋಡನ್ನು ಸಿ ಭಾಷೆಗೆ ಇಳಿಸುವ ಉಪಕರಣ ಅದು. ಕೆಲವೇ ಗಂಟೆಗಳಲ್ಲಿ, ಸೈಥಾನ್ ಹೆಸರನ್ನೇ ಎಲ್ಲೂ ಬರೆಯದ ಪ್ರಾಜೆಕ್ಟುಗಳು ಬೀಳತೊಡಗಿದವು. ಲಾಗ್‌ನಲ್ಲಿ ಇದ್ದದ್ದು ಆಟ್ರಿಬ್ಯೂಟ್ ಎರರ್, ಅದರ ಮುಂದೆ ಸೈಥಾನ್ ಸೋರ್ಸಸ್ ಎಂಬ ಒಂದು ಹೆಸರು. ಬೀಳುತ್ತಿದ್ದದ್ದು ಯಾಮಲ್ ಫೈಲುಗಳನ್ನು ಓದುವ ಪೈಥಾನ್ ಪ್ಯಾಕೇಜ್, ಪೈಯಾಮಲ್ 5.4.1. ಇಲ್ಲಿ ಗಮನಿಸಬೇಕಾದದ್ದು, ಬಿದ್ದವರಲ್ಲಿ ಅನೇಕರು ಅಜಾಗರೂಕರಾಗಿರಲಿಲ್ಲ. ಬೇಕಾದ ಪ್ಯಾಕೇಜುಗಳ ಪಟ್ಟಿಯಾದ ರಿಕ್ವೈರ್‌ಮೆಂಟ್ಸ್ ಫೈಲಿನಲ್ಲಿ ಎರಡು ಸಮಚಿಹ್ನೆ ಹಾಕಿ 5.4.1 ಎಂದೇ ಬರೆದಿದ್ದರು. ಆವೃತ್ತಿ ಕಟ್ಟಿಹಾಕಿದ ಮೇಲೂ ಬಿಲ್ಡ್ ಬಿತ್ತು.

ಕಾರಣ ಎರಡು ಹಂತ ಕೆಳಗಿತ್ತು. ಪೈಯಾಮಲ್ 5.4.1ಕ್ಕೆ ಮೊದಲೇ ಕಟ್ಟಿಟ್ಟ ಪ್ಯಾಕೇಜ್, ಅಂದರೆ ವೀಲ್, ಇದ್ದದ್ದು ಪೈಥಾನ್ 3.9ರವರೆಗೆ ಮಾತ್ರ. 3.10 ಅಥವಾ ಅದಕ್ಕಿಂತ ಮುಂದಿನ ಪೈಥಾನ್ ಬಳಸುತ್ತಿದ್ದವರಿಗೆ ಪಿಪ್ (ಪೈಥಾನ್ ಪ್ಯಾಕೇಜುಗಳನ್ನು ಹಾಕುವ ಉಪಕರಣ) ಸೋರ್ಸ್ ಕಟ್ಟನ್ನು ಇಳಿಸಿಕೊಂಡು ಅಲ್ಲೇ ಬಿಲ್ಡ್ ಮಾಡುತ್ತದೆ. ಹಾಗೆ ಬಿಲ್ಡ್ ಮಾಡಲು ಅದು ಪ್ರತ್ಯೇಕ ಪರಿಸರವೊಂದನ್ನು ಸೃಷ್ಟಿಸಿ, ಪೈಪ್ರಾಜೆಕ್ಟ್ ಫೈಲಿನಲ್ಲಿ ಹೇಳಿದ ಬಿಲ್ಡ್ ಉಪಕರಣಗಳನ್ನು ಅಲ್ಲಿಗೆ ತರುತ್ತದೆ. ಪೈಯಾಮಲ್ ಅಲ್ಲಿ ಕೇಳಿದ್ದು ಬರೀ ಸೈಥಾನ್, ಯಾವ ಆವೃತ್ತಿಯ ಮಿತಿಯೂ ಇಲ್ಲದೆ. ಆ ಪ್ರತ್ಯೇಕ ಪರಿಸರಕ್ಕೆ ನಮ್ಮ ರಿಕ್ವೈರ್‌ಮೆಂಟ್ಸ್ ಫೈಲ್ ಅನ್ವಯಿಸುವುದೇ ಇಲ್ಲ. ಹೀಗಾಗಿ ಜುಲೈ 16ರಂದು ಸೈಥಾನ್ 0.29 ಬಂತು, ಮರುದಿನ 3.0.0 ಬಂತು. ನಾವು ಬೀಗ ಹಾಕಿದ್ದು ಮುಂಬಾಗಿಲಿಗೆ ಮಾತ್ರ.

ಪರಿಹಾರವೂ ಎರಡು ಬಗೆಯದಾಗಿತ್ತು. ಪೈಯಾಮಲ್ ನೋಡಿಕೊಳ್ಳುವವರು ತಡಮಾಡದೆ 6.0.1 ಬಿಟ್ಟು, ಸೈಥಾನ್ 3ಕ್ಕಿಂತ ಕೆಳಗಿರಲಿ ಎಂಬ ಮಿತಿ ಹಾಕಿದರು. ಅಲ್ಲಿಗೆ ದಾಟಬಲ್ಲವರು ದಾಟಿದರು. ಆದರೆ 6.0ರಲ್ಲಿ ಯಾಮಲ್ ಲೋಡ್ ಫಂಕ್ಷನ್‌ಗೆ ಲೋಡರ್ ಕೊಡುವುದು ಕಡ್ಡಾಯವಾಗಿತ್ತು. ಹಳೆಯ ಕರೆಗಳಿದ್ದ ಕೋಡ್ ಅಲ್ಲಿಗೆ ಹೋದರೆ ಬಿಲ್ಡ್ ಹಸಿರಾಗಿ, ಪ್ರೋಗ್ರಾಂ ಓಡುವಾಗ ಬೀಳುತ್ತಿತ್ತು. ಇನ್ನು ಕೆಲವು ಉಪಕರಣಗಳು 6ಕ್ಕಿಂತ ಕೆಳಗಿನ ಪೈಯಾಮಲ್ ಬೇಕೆಂದು ತಾವೇ ಮಿತಿ ಹಾಕಿಕೊಂಡಿದ್ದವು. ಪೈಥಾನ್‌ನಲ್ಲಿ ಬರೆದಿದ್ದ ಹಳೆಯ ಡಾಕರ್ ಕಂಪೋಸ್ ಅವುಗಳಲ್ಲೊಂದು. ಇಂಥವರಿಗೆ ಉಳಿದ ದಾರಿ ನಿರ್ಬಂಧದ ಫೈಲ್. ಸೈಥಾನ್ 3ಕ್ಕಿಂತ ಕಡಿಮೆ ಎಂಬ ಒಂದೇ ಸಾಲಿನ ಫೈಲ್ ಬರೆದು, ಪಿಪ್ ಕನ್‌ಸ್ಟ್ರೇಂಟ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಅದರ ದಾರಿ ಕೊಡುವುದು. ಅದೇ ಫೈಲನ್ನು ಕಮಾಂಡ್ ಸಾಲಿನ ಆಪ್ಷನ್ ಆಗಿ ಕೊಟ್ಟರೆ ಒಳಗಿನ ಬಿಲ್ಡ್ ಪರಿಸರಕ್ಕೆ ತಲುಪುತ್ತಿರಲಿಲ್ಲ. ವೇರಿಯಬಲ್ ಆಗಿ ಕೊಟ್ಟರೆ ತಲುಪುತ್ತಿತ್ತು. ಎಷ್ಟೋ ಜನ "ನಿರ್ಬಂಧ ಹಾಕಿದರೂ ಕೆಲಸ ಮಾಡುತ್ತಿಲ್ಲ" ಎಂದು ಗಂಟೆಗಟ್ಟಲೆ ಒದ್ದಾಡುವುದು ಈ ಒಂದು ವ್ಯತ್ಯಾಸದಿಂದ. ಹೊಸ ಪಿಪ್ ಆವೃತ್ತಿಗಳಲ್ಲಿ ಬಿಲ್ಡ್ ಪರಿಸರಕ್ಕೆಂದೇ ಬೇರೆ ಆಪ್ಷನ್ ಬಂದಿದೆ, ಅದನ್ನು ಬಳಸುವುದು ಒಳ್ಳೆಯದು.

ಮರುವರ್ಷ ರಸ್ಟ್ ಭಾಷೆಯ ಲೋಕದಲ್ಲಿ ಇದರ ಇನ್ನೊಂದು ಮುಖ ಕಂಡಿತು. 2024ರ ಜುಲೈ 25ರಂದು ರಸ್ಟ್ 1.80 ಬಂದಾಗ ಟೈಮ್ ಎಂಬ ಕ್ರೇಟಿನ (ರಸ್ಟ್‌ನಲ್ಲಿ ಪ್ಯಾಕೇಜಿಗೆ ಇರುವ ಹೆಸರು) 0.3.34 ಮತ್ತು ಅದರ ಹಿಂದಿನ ಕೆಲವು ಆವೃತ್ತಿಗಳು ಕಂಪೈಲ್ ಆಗುವುದು ನಿಂತಿತು. ಟೈಪ್ ಬರೆದು ಹೇಳಬೇಕು ಎಂಬ ಇ0282 ಎರರ್. ಸ್ಟ್ಯಾಂಡರ್ಡ್ ಲೈಬ್ರರಿಗೆ ಸೇರಿಸಿದ ಹೊಸ ಅನುಷ್ಠಾನದಿಂದ, ಮೊದಲು ಕಂಪೈಲರ್ ತಾನೇ ಊಹಿಸುತ್ತಿದ್ದ ಟೈಪ್ ಈಗ ಎರಡರ್ಥಕ್ಕೆ ಎಡೆಕೊಟ್ಟಿತ್ತು. ಇಲ್ಲಿ ರಸ್ಟ್‌ನ ಪ್ಯಾಕೇಜ್ ಉಪಕರಣವಾದ ಕಾರ್ಗೋದ ಲಾಕ್ ಫೈಲ್ ಇತ್ತು, ಪ್ರತಿ ಕ್ರೇಟಿನ ಆವೃತ್ತಿಯೂ ಹ್ಯಾಶ್ (ಒಳಗಿನದನ್ನು ಗುರುತಿಸುವ ಬೆರಳಚ್ಚು) ಸಮೇತ ನಿಗದಿಯಾಗಿತ್ತು. ನಿಗದಿಯಾಗಿಲ್ಲದ್ದು ಕಂಪೈಲರ್ ಒಂದೇ, ಸಿಐ (ಬಿಲ್ಡನ್ನು ತಾನಾಗಿ ಓಡಿಸುವ ವ್ಯವಸ್ಥೆ) ಪ್ರತಿ ಸಲ ಅದನ್ನು ಸ್ಟೇಬಲ್ ಎಂದು ಕೇಳಿ ತರುತ್ತಿತ್ತು. ಟೈಮ್ ಕ್ರೇಟನ್ನು ಮಾತ್ರ 0.3.35ಕ್ಕೋ ಅದಕ್ಕಿಂತ ಮುಂದಕ್ಕೋ ಏರಿಸುವ ಕಾರ್ಗೋ ಅಪ್‌ಡೇಟ್ ಒಂದು ನಿಮಿಷದ ಕೆಲಸ. ಆದರೆ ಲಾಕ್ ಫೈಲ್ ಇದೆ ಎಂಬ ನಂಬಿಕೆಯೇ ಹುಡುಕಾಟವನ್ನು ತಪ್ಪು ದಾರಿಗೆ ಎಳೆಯುತ್ತದೆ. ಲಾಕ್ ಫೈಲ್ ಹೇಳುವುದು ಏನನ್ನು ತರಬೇಕು ಎಂದು. ಯಾವುದರಿಂದ ಕಟ್ಟಬೇಕು, ಎಲ್ಲಿ ಕಟ್ಟಬೇಕು ಎಂದಲ್ಲ. ಆ ಭಾಗವನ್ನು ರಸ್ಟ್ ಟೂಲ್‌ಚೈನ್ ಫೈಲಿನಂಥ ಬೇರೊಂದು ಕಡೆ ಬರೆಯಬೇಕು.

ಮೊದಲು ಹಳೆಯ ಕಮಿಟ್ಟನ್ನು ಓಡಿಸಿ

ಬಿಲ್ಡ್ ಬಿದ್ದ ಕೂಡಲೇ ಕೈ ಹೋಗುವುದು ಅಪ್‌ಡೇಟ್ ಕಮಾಂಡಿಗೆ. ದಯವಿಟ್ಟು ತಡೆಯಿರಿ. ಆ ಕ್ಷಣದಲ್ಲಿ ಎಲ್ಲವನ್ನೂ ಏರಿಸಿದರೆ ಒಂದು ಗೊತ್ತಿಲ್ಲದ ಬದಲಾವಣೆಯ ಮೇಲೆ ಇನ್ನೂರು ಬದಲಾವಣೆಗಳು ಕೂರುತ್ತವೆ, ಆಮೇಲೆ ಮೊದಲ ಪ್ರಶ್ನೆಗೆ ಉತ್ತರ ಸಿಗುವುದೇ ಇಲ್ಲ.

ಮೊದಲು ಮಾಡಬೇಕಾದ್ದು, ಕೊನೆಯ ಬಾರಿ ಹಸಿರಾಗಿದ್ದ ಕಮಿಟ್ಟನ್ನು ಇವತ್ತು ಮತ್ತೆ ಓಡಿಸುವುದು. ಅದೂ ಬಿದ್ದರೆ ನಮ್ಮ ಕೋಡ್ ನಿರ್ದೋಷಿ, ತಾರೀಖಿನ ಜೊತೆ ಬಂದದ್ದೇನೋ ಇದೆ. ಅದು ಹಸಿರಾದರೆ ಕಮಿಟ್‌ಗಳನ್ನು ಅರ್ಧರ್ಧ ಮಾಡುತ್ತಾ ಒಡೆದದ್ದನ್ನು ಹುಡುಕುವ ಮಾಮೂಲಿ ಗಿಟ್ ಬೈಸೆಕ್ಟ್ ಸಾಕು, ಈ ಬರಹದ ಅಗತ್ಯವೇ ಇಲ್ಲ. ಆದರೆ ಈ ಪರೀಕ್ಷೆಗೆ ಒಂದು ಷರತ್ತು: ಕ್ಯಾಶ್, ಅಂದರೆ ಹಿಂದಿನ ಓಟದಿಂದ ಉಳಿಸಿಟ್ಟ ಫೈಲುಗಳು, ಇಲ್ಲದೆ ಓಡಿಸಬೇಕು. ಇಡೀ ಪರಿಸರವನ್ನೇ ಪದರ ಪದರವಾಗಿ ಇಮೇಜ್ ಎಂಬ ಕಟ್ಟಾಗಿ ಮಾಡುವ ಡಾಕರ್ ಆದರೆ ನೋ ಕ್ಯಾಶ್ ಮತ್ತು ಪುಲ್ ಎರಡೂ ಆಪ್ಷನ್ ಕೊಡಬೇಕು. ಮೊದಲನೆಯದು ಲೇಯರ್‌ಗಳನ್ನು ಹೊಸದಾಗಿ ಕಟ್ಟಿಸುತ್ತದೆ, ಎರಡನೆಯದು ಬೇಸ್ ಇಮೇಜನ್ನು ಹೊಸದಾಗಿ ತರಿಸುತ್ತದೆ. ಒಂದನ್ನು ಕೊಟ್ಟು ಇನ್ನೊಂದನ್ನು ಬಿಟ್ಟರೆ ಫಲಿತಾಂಶ ನಂಬಲಾಗದು.

ಕ್ಯಾಶ್ ಬಗ್ಗೆ ಇನ್ನೂ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಅದು ಬಿದ್ದ ದಿನವನ್ನೂ ಕಾರಣದ ದಿನವನ್ನೂ ಬೇರೆ ಮಾಡಿಬಿಡುತ್ತದೆ. ಗಿಟ್‌ಹಬ್‌ನ ಸಿಐ ಸೇವೆಯಾದ ಆಕ್ಷನ್ಸ್‌ನಲ್ಲಿ ಏಳು ದಿನ ಯಾರೂ ಮುಟ್ಟದ ಕ್ಯಾಶ್ ಅಳಿಸಿಹೋಗುತ್ತದೆ. ಮೂರು ವಾರದ ಹಿಂದೆಯೇ ಒಡೆದ ಡಿಪೆಂಡೆನ್ಸಿ ದಿನವೂ ಕ್ಯಾಶ್‌ನಿಂದ ಸಿಗುತ್ತಾ ಹಸಿರಾಗಿಯೇ ಕಾಣುತ್ತದೆ. ದೀರ್ಘ ರಜೆ ಮುಗಿಸಿ ತಂಡ ಮರಳುವ ಹೊತ್ತಿಗೆ ಕ್ಯಾಶ್ ಇಲ್ಲ, ಬಿಲ್ಡ್ ಕೆಂಪು, ಮತ್ತು ಎಲ್ಲರೂ ರಜೆಯ ವಾರದಲ್ಲಿ ಏನಾಯಿತು ಎಂದು ಹುಡುಕುತ್ತಾರೆ. ಕ್ಯಾಶನ್ನು ಗುರುತಿಸುವ ಕೀಯಲ್ಲಿ ಲಾಕ್ ಫೈಲಿನ ಹ್ಯಾಶ್ ಮಾತ್ರ ಇದ್ದರೆ ಸಾಲದು, ಆಪರೇಟಿಂಗ್ ಸಿಸ್ಟಂ ಇಮೇಜ್ ಮತ್ತು ಭಾಷೆಯ ಆವೃತ್ತಿಯೂ ಇರಬೇಕು. ಇಲ್ಲದಿದ್ದರೆ ಹಳೆಯ ಇಮೇಜ್‌ನಲ್ಲಿ ಕಂಪೈಲ್ ಆದ ಬೈನರಿ ಹೊಸ ಇಮೇಜ್‌ಗೆ ಬಂದು ಜಿಲಿಬ್‌ಸಿ (ಲಿನಕ್ಸ್‌ನ ಮೂಲ ಲೈಬ್ರರಿ) ಆವೃತ್ತಿ ಸಿಗಲಿಲ್ಲ ಎಂದು ಬೀಳುತ್ತದೆ.

ಹಳೆಯ ಕಮಿಟ್ ಕೂಡ ಬಿತ್ತು ಎಂದಾದಮೇಲೆ ಎರಡು ಲಾಗ್‌ಗಳನ್ನು ಅಕ್ಕಪಕ್ಕ ಇಡಿ: ಕೊನೆಯ ಹಸಿರು, ಮೊದಲ ಕೆಂಪು. ಸಮಯಮುದ್ರೆಗಳನ್ನು ಸೆಡ್ ಎಂಬ ಕಮಾಂಡಿನಿಂದ ತೆಗೆದುಹಾಕಿ ಡಿಫ್ ಮಾಡಿ, ಅಂದರೆ ವ್ಯತ್ಯಾಸ ನೋಡಿ. ನೋಡಬೇಕಾದದ್ದು ಎರರ್ ಸಾಲನ್ನಲ್ಲ, ಅದಕ್ಕಿಂತ ಎಷ್ಟೋ ಮೇಲಿರುವ ಡೌನ್‌ಲೋಡ್ ಸಾಲುಗಳನ್ನು. ಯಾವ ಪ್ಯಾಕೇಜಿನ ಸಂಖ್ಯೆ ಬದಲಾಗಿದೆ, ಕೆಲಸ ಶುರುವಾಗುವಾಗ ಬರುವ ರನ್ನರ್ ಇಮೇಜಿನ (ಸಿಐ ಯಂತ್ರದ ಸಿದ್ಧ ಪರಿಸರ) ಆವೃತ್ತಿ ಬದಲಾಗಿದೆಯೇ, ಪ್ಯಾಕೇಜ್ ಮ್ಯಾನೇಜರ್ ತಾನೇ ಹೊಸದಾಗಿದೆಯೇ. ನನ್ನ ಅನುಭವದಲ್ಲಿ ಹೆಚ್ಚಿನ ಪ್ರಕರಣಗಳು ಈ ಡಿಫ್‌ನಲ್ಲೇ ಮುಗಿಯುತ್ತವೆ. ಎರರ್ ಓದುವುದಾದರೂ ಕೆಳಗಿನಿಂದಲ್ಲ, ಮೇಲಿನಿಂದ ಓದಿ. ಕೊನೆಯ ಸಾಲು ಪ್ರೋಸೆಸ್ 1 ಎಂಬ ಸಂಕೇತದೊಂದಿಗೆ ಮುಗಿಯಿತು ಎನ್ನುತ್ತದೆ, ಅದರಿಂದ ಏನೂ ತಿಳಿಯದು. ಸಮಾನಾಂತರವಾಗಿ ಓಡುವ ಬಿಲ್ಡ್‌ಗಳಲ್ಲಿ ಮೊದಲ ಎರರ್ ನಡುವೆಲ್ಲೋ ಹೂತಿರುತ್ತದೆ. ಅಂಥಲ್ಲಿ ಒಂದೇ ಪ್ರೋಸೆಸ್ ಇಟ್ಟು ಒಮ್ಮೆ ಓಡಿಸಿದರೆ ಲಾಗ್ ನೆಟ್ಟಗಾಗುತ್ತದೆ.

ಸಿಐ ಲಾಗ್‌ಗಳು ನಿಗದಿತ ಅವಧಿಯ ನಂತರ ಅಳಿದುಹೋಗುತ್ತವೆ ಎಂಬುದು ನೆನಪಿರಲಿ. ಆರು ತಿಂಗಳು ಓಡದ ಪ್ರಾಜೆಕ್ಟ್ ಆದರೆ ಹೋಲಿಸಲು ಹಸಿರು ಲಾಗ್ ಇರುವುದೇ ಇಲ್ಲ. ಆಗ ಬೇರೆ ದಾರಿ ಬೇಕು.

ತಾರೀಖನ್ನೇ ಹಿಂದಕ್ಕೆ ಸರಿಸುವುದು

ಲಾಕ್ ಫೈಲ್ ಇಲ್ಲ, ಹಳೆಯ ಲಾಗ್ ಇಲ್ಲ, ಪ್ಯಾಕೇಜ್ ಫೈಲಿನಲ್ಲಿ ಕ್ಯಾರೆಟ್ ಚಿಹ್ನೆಯ (^) ಶ್ರೇಣಿಗಳು, ಅಂದರೆ ಹೊಸ ಆವೃತ್ತಿಗೂ ಜಾಗ ಬಿಡುವ ಮಿತಿಗಳು, ಮಾತ್ರ ಇವೆ ಎಂದುಕೊಳ್ಳಿ. ನಮಗೆ ಗೊತ್ತಿರುವುದು ಒಂದೇ, ಮಾರ್ಚ್ 10ರಂದು ಇದು ಬಿಲ್ಡ್ ಆಗಿತ್ತು. ಅಷ್ಟು ಗೊತ್ತಿದ್ದರೆ ಸಾಕು. ಎನ್‌ಪಿಎಂ ಇನ್‌ಸ್ಟಾಲ್ ಕಮಾಂಡಿಗೆ ಬಿಫೋರ್ ಎಂಬ ಆಪ್ಷನ್ ಇದೆ; ಅದಕ್ಕೆ ಒಂದು ತಾರೀಖು ಕೊಟ್ಟರೆ ಆ ದಿನದವರೆಗೆ ಪ್ರಕಟವಾದ ಆವೃತ್ತಿಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಪೈಥಾನ್ ಕಡೆ ಯುವಿ ಎಂಬ ಉಪಕರಣದಲ್ಲಿ ಎಕ್ಸ್‌ಕ್ಲೂಡ್ ನ್ಯೂಯರ್ ಎಂಬ ಆಪ್ಷನ್ ಇದೇ ಕೆಲಸ ಮಾಡುತ್ತದೆ, ಬಿಲ್ಡ್ ಪರಿಸರದ ಒಳಗಿನ ಪ್ಯಾಕೇಜುಗಳಿಗೂ ಅನ್ವಯಿಸುತ್ತದೆ. ಅಂದರೆ 2023ರ ಜುಲೈ 16 ಎಂದು ಕೊಟ್ಟರೆ ಸೈಥಾನ್ 3 ಅದರ ಕಣ್ಣಿಗೇ ಬೀಳುವುದಿಲ್ಲ. ಡೆಬಿಯನ್ ಲಿನಕ್ಸ್ ಪ್ಯಾಕೇಜುಗಳಿಗೆ ಸ್ನ್ಯಾಪ್‌ಶಾಟ್ ಸಂಗ್ರಹವಿದೆ, ವಿಳಾಸದಲ್ಲೇ ತಾರೀಖು ಮತ್ತು ಸಮಯ ಬರೆದು ಆ ಹೊತ್ತಿನ ಸಂಪೂರ್ಣ ಆರ್ಕೈವ್ ಪಡೆಯಬಹುದು. ರಸ್ಟ್ ನೈಟ್ಲಿ ಕಂಪೈಲರ್‌ಗಳ ಹೆಸರಿನಲ್ಲೇ ತಾರೀಖಿದೆ.

ಇಷ್ಟಾದರೆ ತಾರೀಖುಗಳ ಮೇಲೆ ಬೈಸೆಕ್ಟ್ ಮಾಡಬಹುದು. ಮಾರ್ಚ್ 10 ಹಸಿರು, ಮೇ 13 ಕೆಂಪು ಎಂದರೆ ನಡುವೆ ಅರವತ್ತನಾಲ್ಕು ದಿನ; ಪ್ರತಿ ಸಲ ಅರ್ಧಕ್ಕೆ ಇಳಿಸಿದರೆ ಆರು ಓಟಗಳಲ್ಲಿ ಒಡೆದ ದಿನ ಕೈಗೆ ಸಿಗುತ್ತದೆ. ಆ ದಿನ ಮತ್ತು ಹಿಂದಿನ ದಿನದ ರೆಸಲ್ಯೂಷನ್‌ಗಳನ್ನು (ಆಯ್ಕೆಯಾದ ಆವೃತ್ತಿಗಳ ಪಟ್ಟಿ) ಹೋಲಿಸಿದರೆ ಸಾಮಾನ್ಯವಾಗಿ ಬೆರಳೆಣಿಕೆಯಷ್ಟು ಪ್ಯಾಕೇಜುಗಳು ಉಳಿಯುತ್ತವೆ. ಲಾಕ್ ಫೈಲ್ ಇದ್ದರೆ ಇದನ್ನು ಮಾಡುವ ಮುನ್ನ ಪ್ರಾಜೆಕ್ಟಿನ ಒಂದು ನಕಲಿನಲ್ಲಿ ಅದನ್ನು ಅಳಿಸಬೇಕು, ಇಲ್ಲದಿದ್ದರೆ ಬಿಫೋರ್ ಆಪ್ಷನ್‌ಗಿಂತ ಲಾಕ್ ಫೈಲಿನ ಮಾತೇ ನಡೆಯುತ್ತದೆ. ಪ್ಯಾಕೇಜುಗಳು ಇಳಿಯುವ ನೋಡ್ ಮಾಡ್ಯೂಲ್ಸ್ ಫೋಲ್ಡರನ್ನೂ ಪ್ರತಿ ಸಲ ತೆಗೆಯಬೇಕು.

ಈ ವಿಧಾನದ ನಿಜವಾದ ಬೆಲೆ ಕಾರಣ ಹುಡುಕುವುದಕ್ಕಿಂತ ಹೆಚ್ಚಾಗಿ ಇನ್ನೊಂದರಲ್ಲಿದೆ. ಹಸಿರಾದ ತಾರೀಖಿನ ರೆಸಲ್ಯೂಷನ್ನನ್ನು ಹಾಗೆಯೇ ಲಾಕ್ ಫೈಲ್ ಮಾಡಿ ಕಮಿಟ್ ಮಾಡಿದರೆ, ಬರೆಯದೆ ಬಿಟ್ಟಿದ್ದ ತಾರೀಖು ಬರಹಕ್ಕೆ ಬಂದಂತಾಯಿತು. ಅಲ್ಲಿಂದ ಮುಂದೆ ಸಿಐನಲ್ಲಿ ಎನ್‌ಪಿಎಂ ಇನ್‌ಸ್ಟಾಲ್ ಬದಲು ಎನ್‌ಪಿಎಂ ಸಿಐ ಎಂಬ ಕಮಾಂಡ್, ಕಾರ್ಗೋದಲ್ಲಿ ಲಾಕ್ಡ್ ಆಪ್ಷನ್, ಪಿಪ್‌ನಲ್ಲಿ ಹ್ಯಾಶ್ ಸಮೇತ ರಿಕ್ವೈರ್‌ಮೆಂಟ್ಸ್. ಇವೆಲ್ಲದರ ಗುಣ ಒಂದೇ: ಪಟ್ಟಿಗೂ ಲಾಕ್‌ಗೂ ಹೊಂದದಿದ್ದರೆ ಮೌನವಾಗಿ ಸರಿಪಡಿಸಿಕೊಳ್ಳದೆ, ನಿಲ್ಲುತ್ತವೆ.

ಪ್ಯಾಕೇಜುಗಳ ಕೆಳಗಿನ ನೆಲ

ಪ್ಯಾಕೇಜುಗಳೆಲ್ಲ ಗಟ್ಟಿಯಾಗಿ ನಿಂತ ಮೇಲೂ ಬಿಲ್ಡ್ ಬೀಳುತ್ತದೆ, ಏಕೆಂದರೆ ಅವು ನಿಂತಿರುವ ನೆಲ ನಮ್ಮದಲ್ಲ. ಉಬುಂಟು ಲೇಟೆಸ್ಟ್ ಎಂದು ಬರೆದ ಸಿಐ ಕೆಲಸ 2024ರ ಕೊನೆಯಿಂದ 2025ರ ಆರಂಭದ ನಡುವೆ 22.04ರಿಂದ 24.04ಕ್ಕೆ ಸರಿಯಿತು. ಅಲ್ಲಿನ ಪೈಥಾನ್ 3.12. ಪೈಥಾನ್ 3.12ರಲ್ಲಿ ಡಿಸ್ಟ್‌ಯುಟಿಲ್ಸ್ ಮಾಡ್ಯೂಲ್ ಇಲ್ಲ. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ ನೇಟಿವ್ (ಯಂತ್ರದಲ್ಲೇ ಕಂಪೈಲ್ ಆಗುವ) ಮಾಡ್ಯೂಲ್‌ಗಳನ್ನು ಕಟ್ಟುವ ನೋಡ್ ಜಿಪ್ ಉಪಕರಣದ ಹಳೆಯ ಆವೃತ್ತಿ ಆ ಮಾಡ್ಯೂಲನ್ನು ಬಳಸುತ್ತದೆ. ಪರಿಣಾಮ, ಒಂದು ಸಾಲು ಪೈಥಾನ್ ಕೂಡ ಇಲ್ಲದ ಜಾವಾಸ್ಕ್ರಿಪ್ಟ್ ಪ್ರಾಜೆಕ್ಟ್ ಪೈಥಾನ್ ಮಾಡ್ಯೂಲ್ ಇಲ್ಲ ಎಂದು ಬೀಳುತ್ತದೆ. ತಕ್ಷಣಕ್ಕೆ ಪೈಥಾನ್ 3.11 ಹಾಕುವ ಒಂದು ಹಂತ ಸೇರಿಸಬಹುದು, ಅಥವಾ ಸೆಟಪ್‌ಟೂಲ್ಸ್ ಹಾಕಿದರೆ ಅದು ಡಿಸ್ಟ್‌ಯುಟಿಲ್ಸ್‌ನ ಪರ್ಯಾಯವನ್ನು ಒದಗಿಸುತ್ತದೆ. ನಿಜವಾದ ಪರಿಹಾರ ನೋಡ್ ಜಿಪ್ 10 ಅಥವಾ ಮುಂದಿನದು, ಅಂದರೆ ಅದನ್ನು ಎಳೆದು ತರುತ್ತಿರುವ ಮಾಡ್ಯೂಲಿನ ಹೊಸ ಆವೃತ್ತಿ.

ಜಾವಾಸ್ಕ್ರಿಪ್ಟ್ ಫೈಲುಗಳನ್ನು ಒಟ್ಟುಗೂಡಿಸುವ ವೆಬ್‌ಪ್ಯಾಕ್ 4 ಬಳಸುವ ಪ್ರಾಜೆಕ್ಟುಗಳದ್ದೂ ಇದೇ ಜಾತಿಯ ತೊಂದರೆ. ನೋಡ್ 17ರಿಂದ ಗೂಢಲಿಪಿ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್ 3 ಬಂತು. ವೆಬ್‌ಪ್ಯಾಕ್ 4 ಹ್ಯಾಶ್‌ಗಾಗಿ ನೆಚ್ಚಿಕೊಂಡಿದ್ದ ಎಂಡಿ4 ಅದರಲ್ಲಿ ಸಾಮಾನ್ಯವಾಗಿ ಲಭ್ಯವಿಲ್ಲ. ಡಿಜಿಟಲ್ ಎನ್ವಲಪ್ ರೂಟೀನ್ಸ್, ಅನ್‌ಸಪೋರ್ಟೆಡ್ ಎಂಬ ಸಾಲು ಕಂಡರೆ ಕಾರಣ ಇದೇ. ನೋಡ್ ಆಪ್ಷನ್ಸ್ ವೇರಿಯಬಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಲೆಗಸಿ ಪ್ರೊವೈಡರ್ ಎಂದು ಕೊಟ್ಟರೆ ಬಿಲ್ಡ್ ಎದ್ದು ಕೂರುತ್ತದೆ. ಆದರೆ ಅದೇ ವೇರಿಯಬಲ್ ನೋಡ್ 16 ಇರುವ ಯಂತ್ರಕ್ಕೆ ಹೋದರೆ ಅಲ್ಲಿ ನೋಡ್ ಶುರುವೇ ಆಗುವುದಿಲ್ಲ, ಈ ಆಪ್ಷನ್ ಒಪ್ಪಿಗೆಯಿಲ್ಲ ಎನ್ನುತ್ತದೆ. ಹೀಗಾಗಿ ಅದನ್ನು ಎಲ್ಲರಿಗೂ ಅನ್ವಯಿಸುವ ಜಾಗದಲ್ಲಿ ಇಡದೆ, ಆ ಒಂದು ಸಿಐ ಹಂತದಲ್ಲಿ ಮಾತ್ರ ಇಡಬೇಕು. ಹೋಗಬೇಕಾದ ಊರು ವೆಬ್‌ಪ್ಯಾಕ್ 5.

ಆಪರೇಟಿಂಗ್ ಸಿಸ್ಟಂ ಹಳೆಯದಾದರೆ ಎರರ್ ಇನ್ನೂ ಸರಳ, 404, ಅಂದರೆ ಫೈಲ್ ಅಲ್ಲಿಲ್ಲ. ಡೆಬಿಯನ್ ಸ್ಟ್ರೆಚ್‌ನ ಪ್ಯಾಕೇಜುಗಳು 2023ರಲ್ಲಿ ಮುಖ್ಯ ಮಿರರ್‌ಗಳಿಂದ (ಪ್ಯಾಕೇಜುಗಳನ್ನು ಹಂಚುವ ಸರ್ವರ್‌ಗಳು) ಆರ್ಕೈವ್‌ಗೆ ಹೋದವು. ಸೆಂಟ್‌ಒಎಸ್ 7ರ ಬೆಂಬಲ 2024ರ ಜೂನ್ 30ಕ್ಕೆ ಮುಗಿದು ಮಿರರ್ ಪಟ್ಟಿಯ ಹೋಸ್ಟ್ ಹೆಸರೇ ಸಿಗದಂತಾಯಿತು. ವಿಳಾಸವನ್ನು ಆರ್ಕೈವ್ ಅಥವಾ ವಾಲ್ಟ್‌ಗೆ ಬದಲಿಸಿದರೆ ಬಿಲ್ಡ್ ಓಡುತ್ತದೆ, ಭದ್ರತಾ ತಿದ್ದುಪಡಿಗಳು ಬರುವುದಿಲ್ಲ. ವಾರದ ಮಟ್ಟಿಗೆ ಸರಿ, ವರ್ಷದ ಮಟ್ಟಿಗೆ ಅಲ್ಲ.

ಸರ್ವರ್ ಯಾರದೆಂದು ದೃಢಪಡಿಸುವ ಸರ್ಟಿಫಿಕೇಟ್ ವಿಷಯದಲ್ಲಿ ಮಾತ್ರ ವಾರದ ಮಟ್ಟಿಗೂ ರಾಜಿ ಬೇಡ. 2021ರ ಸೆಪ್ಟೆಂಬರ್ 30ರಂದು ಡಿಎಸ್‌ಟಿ ರೂಟ್ ಸಿಎ ಎಕ್ಸ್3 ಎಂಬ ಮೂಲ ಸರ್ಟಿಫಿಕೇಟಿನ ಅವಧಿ ಮುಗಿದಾಗ ಲೆಟ್ಸ್ ಎನ್‌ಕ್ರಿಪ್ಟ್ ಕೊಡುವ ಸರ್ಟಿಫಿಕೇಟ್ ಬಳಸುವ ಸರ್ವರ್‌ಗಳಿಂದ ಏನನ್ನೂ ಇಳಿಸಲಾಗದ ಹಳೆಯ ಇಮೇಜುಗಳು ಎಲ್ಲೆಡೆ ಬಿದ್ದವು. ಸರ್ವರ್‌ನ ಸರ್ಟಿಫಿಕೇಟ್ ಸರಿಯಾಗಿಯೇ ಇತ್ತು. ಓಪನ್‌ಎಸ್‌ಎಸ್‌ಎಲ್ 1.0.2 ಮಾತ್ರ ಸರಣಿಯನ್ನು ಪರಿಶೀಲಿಸುವಾಗ ಅವಧಿ ಮುಗಿದ ಹಳೆಯ ಮೂಲವನ್ನೇ ಹಿಡಿದು ನಿಲ್ಲುತ್ತಿತ್ತು. ಮಾಡಬೇಕಾದದ್ದು ಸಿಎ ಸರ್ಟಿಫಿಕೇಟ್ಸ್ ಪ್ಯಾಕೇಜ್ ಹೊಸದು ಮಾಡಿ, ಅವಧಿ ಮುಗಿದ ಮೂಲವನ್ನು ನಂಬಿಕೆಯ ಪಟ್ಟಿಯಿಂದ ತೆಗೆಯುವುದು, ಸಾಧ್ಯವಾದರೆ ಓಪನ್‌ಎಸ್‌ಎಸ್‌ಎಲ್ಲನ್ನೇ ಏರಿಸುವುದು. ಪರಿಶೀಲನೆಯನ್ನೇ ಆರಿಸುವ ಆಪ್ಷನ್ ಬರೆದರೆ ಬಿಲ್ಡ್ ಹಸಿರಾಗುತ್ತದೆ, ಆಮೇಲೆ ಆ ಸಾಲನ್ನು ಯಾರೂ ತೆಗೆಯುವುದಿಲ್ಲ, ಯಾರು ಏನನ್ನು ಕಳಿಸಿದರೂ ನಮ್ಮ ಬಿಲ್ಡ್ ಸ್ವೀಕರಿಸುತ್ತದೆ.

ಸಿಐ ಪ್ಲಗಿನ್‌ಗಳೂ ಡಿಪೆಂಡೆನ್ಸಿಗಳೇ. ಬಿಲ್ಡ್‌ನ ಫಲಿತ ಫೈಲುಗಳನ್ನು ಉಳಿಸಿಡುವ ಗಿಟ್‌ಹಬ್‌ನ ಆರ್ಟಿಫ್ಯಾಕ್ಟ್ ಆಕ್ಷನ್‌ನ 3ನೇ ಆವೃತ್ತಿ 2025ರ ಜನವರಿ 30ರಿಂದ ಕೆಲಸ ನಿಲ್ಲಿಸಿತು. ಬರೀ 4 ಎಂದು ತಿದ್ದಿದರೆ ಮುಗಿಯುವುದಿಲ್ಲ; 4ರಲ್ಲಿ ಒಂದೇ ಹೆಸರಿಗೆ ಹಲವು ಕೆಲಸಗಳು ಅಪ್‌ಲೋಡ್ ಮಾಡುವಂತಿಲ್ಲ, ಒಂದೇ ಕೆಲಸವನ್ನು ಹಲವು ಆವೃತ್ತಿಗಳಲ್ಲಿ ಓಡಿಸುವ ಮ್ಯಾಟ್ರಿಕ್ಸ್ ಬಿಲ್ಡ್ ಆದರೆ ಹೆಸರಿಗೆ ಮ್ಯಾಟ್ರಿಕ್ಸ್ ಮೌಲ್ಯ ಸೇರಿಸಬೇಕು. ಅದೇ ವರ್ಷ ಮಾರ್ಚ್‌ನಲ್ಲಿ ಬಹಳ ಬಳಕೆಯಲ್ಲಿದ್ದ, ಬದಲಾದ ಫೈಲುಗಳನ್ನು ಪಟ್ಟಿಮಾಡುವ ಒಂದು ಆಕ್ಷನ್‌ನ ಟ್ಯಾಗ್‌ಗಳನ್ನೇ ದಾಳಿಕೋರರು ದುರುದ್ದೇಶದ ಕಮಿಟ್‌ಗೆ ತಿರುಗಿಸಿದ್ದರು. ಟ್ಯಾಗ್ ಎಂಬುದು ಹೆಸರು, ಹೆಸರನ್ನು ಬೇರೆಡೆಗೆ ತಿರುಗಿಸಬಹುದು. ನಲವತ್ತು ಅಕ್ಷರದ ಕಮಿಟ್ ಹ್ಯಾಶ್ ಬರೆದು, ಪಕ್ಕದಲ್ಲಿ ಆವೃತ್ತಿಯನ್ನು ಕಾಮೆಂಟ್ ಆಗಿ ಹಾಕುವುದು ಸರಿಯಾದ ಕ್ರಮ.

ದಾಟುವ ಕ್ರಮ

ಬಿಲ್ಡ್ ಮತ್ತೆ ಹಸಿರಾಯಿತು, ಹಳೆಯ ತಾರೀಖಿನಲ್ಲಿ. ಈ ಕಮಿಟ್ ಇಲ್ಲಿಗೇ ಮುಗಿಯಬೇಕು, ಅಪ್‌ಗ್ರೇಡ್ ಬೇರೆ ಕೆಲಸ. ಎರಡನ್ನೂ ಒಂದೇ ಕಮಿಟ್‌ನಲ್ಲಿ ಸೇರಿಸುವುದನ್ನು ನಾನು ಒಪ್ಪುವುದಿಲ್ಲ. ಅಪ್‌ಗ್ರೇಡ್ ಹಿಂದಕ್ಕೆ ತೆಗೆಯಬೇಕಾಗಿ ಬಂದರೆ ದುರಸ್ತಿಯೂ ಜೊತೆಗೆ ಹೋಗುತ್ತದೆ.

ಅಪ್‌ಗ್ರೇಡ್‌ನಲ್ಲಿ ಕಷ್ಟ ಬರುವುದು ಸಂಖ್ಯೆಗಳ ಗಾತ್ರದಿಂದಲ್ಲ, ಕ್ರಮದಿಂದ. ಜಾವಾ 11ರಿಂದ 21ಕ್ಕೆ ಹೋಗುವ ಪ್ರಾಜೆಕ್ಟನ್ನು ನೋಡಿ. ನೇರವಾಗಿ ಸಿಐನಲ್ಲಿ ಜೆಡಿಕೆ (ಜಾವಾದ ಕಂಪೈಲರ್ ಮತ್ತು ಉಪಕರಣಗಳ ಕಟ್ಟು) ಬದಲಿಸಿದರೆ ಮೊದಲು ಬಿಲ್ಡ್ ಉಪಕರಣವಾದ ಗ್ರೇಡಲ್ ಬೀಳುತ್ತದೆ: ಕ್ಲಾಸ್ ಫೈಲ್ ಮೇಜರ್ ಆವೃತ್ತಿ 65ಕ್ಕೆ ಬೆಂಬಲವಿಲ್ಲ. ಈ ಸಂಖ್ಯೆಯಿಂದ 44 ಕಳೆದರೆ ಜಾವಾ ಆವೃತ್ತಿ ಸಿಗುತ್ತದೆ. 65 ಎಂದರೆ 21, 61 ಎಂದರೆ 17, 55 ಎಂದರೆ 11. ಗ್ರೇಡಲ್ ಸರಿಮಾಡಿದರೆ ಮಾಮೂಲಿ ಕೋಡನ್ನು ತಾನೇ ಸೇರಿಸುವ ಲೊಂಬಾಕ್ ಬೀಳುತ್ತದೆ, ಕಂಪೈಲರ್‌ನ ಒಳಗಿನ ಜೆಸಿ ಇಂಪೋರ್ಟ್ ಕ್ಲಾಸಿನಲ್ಲಿ ತನಗೆ ಬೇಕಾದ ಫೀಲ್ಡ್ ಇಲ್ಲ ಎಂದು. ಅದನ್ನು ದಾಟಿದರೆ ಟೆಸ್ಟ್‌ಗಳಲ್ಲಿ ಮಾಕಿಟೊ ಎಂಬ ಟೆಸ್ಟ್ ಲೈಬ್ರರಿಯ ಕೆಳಗಿರುವ ಬೈಟ್ ಬಡ್ಡಿ, ಆಮೇಲೆ ಟೆಸ್ಟ್‌ಗಳ ವ್ಯಾಪ್ತಿ ಅಳೆಯುವ ಜಾಕೊಕೊ. ಒಂದೊಂದೂ ಬೇರೆ ಭಾಷೆಯಲ್ಲಿ ಹೇಳುವುದು ಒಂದೇ ವಿಷಯ, ಈ ಹೊಸ ಜಾವಾ ತನಗೆ ಗೊತ್ತಿಲ್ಲ ಎಂದು.

ಇದನ್ನು ತಿರುಗಿಸಿ ಮಾಡಬೇಕು. ಹಳೆಯ ಜಾವಾದಲ್ಲೂ ಹೊಸ ಜಾವಾದಲ್ಲೂ ನಡೆಯುವ ಆವೃತ್ತಿಗಳನ್ನು ಮೊದಲು ಗುರುತಿಸಿ: ಗ್ರೇಡಲ್ 8.5, ಲೊಂಬಾಕ್ 1.18.30, ಜಾಕೊಕೊ 0.8.11. ಇವು ಸೇತುವೆಗಳು. ಜಾವಾ 11ರಲ್ಲೇ ನಿಂತು ಒಂದೊಂದಾಗಿ ಇವಕ್ಕೆ ಏರಿ, ಪ್ರತಿಯೊಂದಕ್ಕೂ ಹಸಿರು ಪಡೆಯಿರಿ. ಆಮೇಲೆ ಜೆಡಿಕೆ ಬದಲಿಸಿ. ಆ ಕಮಿಟ್‌ನಲ್ಲಿ ಬೇರೆ ಏನೂ ಇರಬಾರದು. ಹೊಸ ಜಾವಾ ಇಲ್ಲದೆ ನಡೆಯದವು ಕೊನೆಗೆ. ಸ್ಪ್ರಿಂಗ್ ಬೂಟ್ ಎಂಬ ಜಾವಾ ಚೌಕಟ್ಟಿನ 3ನೇ ಆವೃತ್ತಿಗೆ ಜಾವಾ 17 ಕನಿಷ್ಠ, ಜಾವಾಎಕ್ಸ್ ಎಂದಿದ್ದ ಅನೇಕ ಹೆಸರುಗಳು ಜಕಾರ್ತಾ ಆಗುತ್ತವೆ, ಅದು ಪ್ರತ್ಯೇಕ ದಿನಗಳ ಕೆಲಸ. ಗ್ರೇಡಲ್ ಕೂಡ 6ರಿಂದ 8ಕ್ಕೆ ಹಾರುವುದಲ್ಲ. 6.9ರಲ್ಲಿ ನಿಂತು ಎಲ್ಲ ಎಚ್ಚರಿಕೆಗಳನ್ನೂ ತೋರಿಸುವ ಆಪ್ಷನ್ ಹಾಕಿ ಓಡಿಸಿದರೆ 7ರಲ್ಲಿ ಏನು ಒಡೆಯುತ್ತದೆ ಎಂದು ಅದೇ ಹೇಳುತ್ತದೆ. 7ರಲ್ಲಿ ತೆಗೆದುಹಾಕಿದ ಕಂಪೈಲ್ ಕಾನ್ಫಿಗರೇಷನ್ ಅದರಲ್ಲಿ ಮುಖ್ಯ, ಅದರ ಜಾಗಕ್ಕೆ ಇಂಪ್ಲಿಮೆಂಟೇಷನ್ ಬರಬೇಕು. ವ್ರ್ಯಾಪರ್ (ನಿಗದಿತ ಗ್ರೇಡಲ್ ಆವೃತ್ತಿಯನ್ನು ತರುವ ಪುಟ್ಟ ಸ್ಕ್ರಿಪ್ಟ್) ಟಾಸ್ಕನ್ನು ಎರಡು ಬಾರಿ ಓಡಿಸುವುದನ್ನು ಮರೆಯಬೇಡಿ. ಮೊದಲ ಬಾರಿ ಪ್ರಾಪರ್ಟೀಸ್ ಫೈಲ್ ಬದಲಾಗುತ್ತದೆ, ಎರಡನೇ ಬಾರಿ ಹೊಸ ಗ್ರೇಡಲ್ ತನ್ನ ವ್ರ್ಯಾಪರ್ ಜಾರನ್ನು ತಾನೇ ಬರೆಯುತ್ತದೆ.

ಒಡೆದದ್ದು ನೇರ ಡಿಪೆಂಡೆನ್ಸಿಯಲ್ಲ, ಅದರ ಮಗುವೋ ಮೊಮ್ಮಗುವೋ ಆಗಿದ್ದರೆ ಅದನ್ನು ಯಾರು ಎಳೆದು ತಂದರು ಎಂಬುದೇ ಮೊದಲ ಪ್ರಶ್ನೆ. ಎನ್‌ಪಿಎಂ ಎಕ್ಸ್‌ಪ್ಲೇನ್, ಮೇವನ್‌ನ ಡಿಪೆಂಡೆನ್ಸಿ ಟ್ರೀ, ಗ್ರೇಡಲ್‌ನ ಡಿಪೆಂಡೆನ್ಸಿ ಇನ್‌ಸೈಟ್, ಕಾರ್ಗೋ ಟ್ರೀಯ ತಲೆಕೆಳಗು ನೋಟ, ಗೋ ಮಾಡ್ ವೈ ಇದಕ್ಕೆಂದೇ ಇವೆ. ಎಳೆದು ತಂದ ತಾಯಿ ಪ್ಯಾಕೇಜನ್ನು ಏರಿಸುವುದು ಉತ್ತಮ. ತಾಯಿಯನ್ನು ಯಾರೂ ನೋಡಿಕೊಳ್ಳುತ್ತಿಲ್ಲ ಎಂದಾದರೆ ಮಾತ್ರ ಎನ್‌ಪಿಎಂನ ಓವರ್‌ರೈಡ್ಸ್, ಯಾರ್ನ್‌ನ ರೆಸಲ್ಯೂಷನ್ಸ್, ಮೇವನ್‌ನ ಡಿಪೆಂಡೆನ್ಸಿ ಮ್ಯಾನೇಜ್‌ಮೆಂಟ್. ಜಾವಾದ ಲಾಗ್ ಲೈಬ್ರರಿ ಲಾಗ್4ಜೆಯ ಭದ್ರತಾ ತೊಂದರೆಯಲ್ಲಿ, 2021ರ ಡಿಸೆಂಬರ್‌ನಲ್ಲಿ, ಒಂದೇ ತಿಂಗಳಲ್ಲಿ 2.15, 2.16, 2.17 ಬಂದಾಗ, ಡಿಪೆಂಡೆನ್ಸಿ ಮ್ಯಾನೇಜ್‌ಮೆಂಟ್‌ನಲ್ಲಿ ಒಂದೇ ಕಡೆ ಆವೃತ್ತಿ ಬರೆದಿದ್ದ ಪ್ರಾಜೆಕ್ಟುಗಳಿಗೆ ಪ್ರತಿ ಸಲವೂ ಒಂದು ಸಾಲಿನ ಬದಲಾವಣೆ ಸಾಕಾಯಿತು.

ಪಿನ್‌ಗೊಂದು ಕಾರಣ

ದುರಸ್ತಿಗೆಂದು ಹಾಕಿದ ಪ್ರತಿ ಪಿನ್ (ಆವೃತ್ತಿಗೆ ಹಾಕಿದ ಮಿತಿ) ಪಕ್ಕದಲ್ಲಿ ಮೂರು ಸಂಗತಿ ಇರಲಿ: ಯಾವ ಎರರ್ ಬಂತು, ಯಾವ ದಿನ ಹಾಕಿದ್ದು, ಏನಾದರೆ ತೆಗೆಯಬಹುದು. ಗ್ರೇಡಲ್‌ನಲ್ಲಿ ಇದಕ್ಕೆ ಬಿಕಾಸ್ ಎಂಬ ಜಾಗವೇ ಇದೆ, ಅಲ್ಲಿ ಬರೆದದ್ದು ಡಿಪೆಂಡೆನ್ಸಿ ಇನ್‌ಸೈಟ್ ವರದಿಯಲ್ಲೂ ಕಾಣುತ್ತದೆ. ಉಳಿದೆಡೆ ಕಾಮೆಂಟ್ ಸಾಕು; ಕಾಮೆಂಟ್‌ಗೆ ಜಾಗವಿಲ್ಲದ ಪ್ಯಾಕೇಜ್ ಜೇಸನ್ ಫೈಲಿಗೆ ಕಮಿಟ್ ಸಂದೇಶದಲ್ಲಿ ಬರೆಯಬೇಕು. ಕಾರಣವಿಲ್ಲದ ಪಿನ್ನನ್ನು ಎರಡು ವರ್ಷದ ನಂತರ ಮುಟ್ಟಲು ಯಾರಿಗೂ ಧೈರ್ಯ ಬರುವುದಿಲ್ಲ. ಪೈಥಾನ್‌ನ ಗಣಿತದ ಲೈಬ್ರರಿ ನಂಪೈ 2ಕ್ಕಿಂತ ಕಡಿಮೆ ಎಂದು 2024ರ ಜೂನ್‌ನಲ್ಲಿ ಹಾಕಿದ ಮಿತಿಗೆ ಆ ದಿನ ಸಕಾರಣವಿತ್ತು, ಹಳೆಯ ನಂಪೈಗೆ ಕಂಪೈಲ್ ಆದ ಮಾಡ್ಯೂಲುಗಳು 2.0ರಲ್ಲಿ ಓಡುತ್ತಿರಲಿಲ್ಲ. ಆ ಮಾಡ್ಯೂಲುಗಳು ಹೊಸ ವೀಲ್ ಬಿಟ್ಟ ಮೇಲೆ ಅದೇ ಮಿತಿ ಮುಂದಿನ ಅಪ್‌ಗ್ರೇಡ್‌ಗೆ ಅಡ್ಡಗೋಡೆ.

ಇದನ್ನು ನೆನಪಿನ ಮೇಲೆ ಬಿಡದಿರಲು ವಾರಕ್ಕೊಮ್ಮೆ ಓಡುವ ಇನ್ನೊಂದು ಬಿಲ್ಡ್ ಬೇಕು. ಅದರಲ್ಲಿ ಲಾಕ್ ಫೈಲ್ ಇಲ್ಲ, ಕ್ಯಾಶ್ ಇಲ್ಲ, ದುರಸ್ತಿಯ ಪಿನ್‌ಗಳಿಲ್ಲ, ರನ್ನರ್ ಇಮೇಜ್ ಹೊಸದು. ಅದು ಬಿದ್ದರೆ ಯಾರ ಕೆಲಸವೂ ನಿಲ್ಲುವುದಿಲ್ಲ, ಮರ್ಜ್‌ಗೂ ಅಡ್ಡಿಯಿಲ್ಲ. ಆದರೆ ಮುಂದೆ ಬರಲಿರುವ ತೊಂದರೆ ಬಿಡುಗಡೆಯ ದಿನಕ್ಕೆ ಬದಲು ಮಂಗಳವಾರ ಮಧ್ಯಾಹ್ನ ಗೊತ್ತಾಗುತ್ತದೆ. ಹೊಸ ಆವೃತ್ತಿಗಳಿಗೆ ಏರಿಸುವ ಬದಲಾವಣೆಗಳನ್ನು ತಾವೇ ಸೂಚಿಸುವ ಡಿಪೆಂಡಬಾಟ್ ಅಥವಾ ರೆನೊವೇಟ್ ಇದ್ದರೆ ಪ್ಯಾಚ್ ಮತ್ತು ಮೈನರ್ ಬದಲಾವಣೆಗಳನ್ನು ಒಂದೇ ಗುಂಪಾಗಿಸಿ, ಮೇಜರ್‌ಗಳನ್ನು ಒಂಟಿಯಾಗಿ ಬಿಡಿ. ಡಿಪೆಂಡಬಾಟ್ ತಾನಾಗಿ ಒಂದು ಸಲಕ್ಕೆ ಐದು ಪುಲ್ ರಿಕ್ವೆಸ್ಟ್‌ಗಳನ್ನು (ಬದಲಾವಣೆ ಸೇರಿಸುವ ಕೋರಿಕೆಗಳು) ಮಾತ್ರ ತೆರೆದಿಡುತ್ತದೆ. ಗುಂಪು ಮಾಡದಿದ್ದರೆ ಆ ಐದರ ಹಿಂದೆ ಸಿಕ್ಕಿಕೊಂಡ ಮುಖ್ಯವಾದದ್ದು ಸರದಿಗೇ ಬರುವುದಿಲ್ಲ. ಹೊಸ ಆವೃತ್ತಿ ಪ್ರಕಟವಾದ ಕೆಲವು ದಿನ ಕಾಯುವ ಅವಧಿಯನ್ನೂ ನಿಗದಿ ಮಾಡಿ, ಬಿಡುಗಡೆಯಾದ ಗಂಟೆಯಲ್ಲೇ ಹಿಂತೆಗೆದ ಆವೃತ್ತಿಗಳು ಆಗ ನಮ್ಮವರೆಗೆ ಬರುವುದಿಲ್ಲ.

ವಾರದ ಆ ಬಿಲ್ಡ್ ಪಿನ್ ಇಲ್ಲದೆ ಹಸಿರಾದರೆ, ಮುಖ್ಯ ಶಾಖೆಯಲ್ಲಿ ಆ ಪಿನ್ನಿಗೆ ಇನ್ನು ಕೆಲಸವಿಲ್ಲ. ಪೈಯಾಮಲ್ 6.0.1ಕ್ಕೆ ದಾಟುವ ಕಮಿಟ್‌ನಲ್ಲೇ ಸೈಥಾನ್ ನಿರ್ಬಂಧದ ಫೈಲೂ, ಅದನ್ನು ತೋರಿಸುತ್ತಿದ್ದ ಎನ್ವಿರಾನ್‌ಮೆಂಟ್ ವೇರಿಯಬಲ್ಲೂ ಅಳಿಯಬೇಕು.